ತುಳಿಯದೆ ಓಡುವ ಸೈಕಲ್

ಅಮೆರಿಕದ ಆರ್ಕನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ 2018ರ ಅಕ್ಟೋಬರಿನಲ್ಲಿ ಒಂದು ಸೈಕಲ್ ಪಂದ್ಯ ನಡೆಯಿತು. ಹತ್ತಲು ಬೆಟ್ಟವಿಲ್ಲ, ಉರುಳಿ ಇಳಿಯಲು ಕಣಿವೆಯಿಲ್ಲ, ನೂರಾರು ಕಿಲೋಮೀಟರಿನ ಹೆದ್ದಾರಿಯೂ ಇಲ್ಲ. ಇದ್ದದ್ದು ಡಾಂಬರು ಹಾಕಿದ, ಉಬ್ಬುತಗ್ಗುಗಳಿಂದ ತುಂಬಿದ ಒಂದು ಪುಟ್ಟ ಸುತ್ತುದಾರಿ. ಅದರ ಮೇಲೆ ಸವಾರರು ಸೀಟಿಗೆ ಮೈ ತಾಗಿಸದೆ, ಕೈಕಾಲುಗಳನ್ನು ಮಡಿಸಿ ಚಾಚಿ, ಕಣ್ಣಿಗೆ ನಿಲುಕದಷ್ಟು ವೇಗದಲ್ಲಿ ಸುತ್ತು ಹೊಡೆದರು. ರೆಡ್ ಬುಲ್ ಪಂಪ್ ಟ್ರ್ಯಾಕ್ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಫೈನಲ್ ಅದು. ಗಂಡಸರಲ್ಲಿ ಫ್ರಾನ್ಸಿನ ಆಡ್ರಿಯೆನ್ ಲೊರೊನ್, ಹೆಂಗಸರಲ್ಲಿ ಅಮೆರಿಕದ ಜಿಲ್ ಕಿಂಟ್ನರ್ ಗೆದ್ದರು.

ಕಿಂಟ್ನರ್ ಅಲ್ಲಿಗೆ ಬಂದ ದಾರಿ ಸ್ವಾರಸ್ಯದ್ದು. ಮೌಂಟನ್ ಬೈಕಿನ ಫೋರ್ ಕ್ರಾಸ್ ಸ್ಪರ್ಧೆಯಲ್ಲಿ ಅವರು 2005ರಿಂದ 2007ರವರೆಗೆ ಸತತ ಮೂರು ವರ್ಷ ವಿಶ್ವ ಚಾಂಪಿಯನ್ ಆಗಿದ್ದವರು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಬಿಎಂಎಕ್ಸ್ ಮೊದಲ ಬಾರಿ ಸೇರಿದಾಗ 20 ಇಂಚಿನ ಸಣ್ಣ ಚಕ್ರದ ಸೈಕಲ್ ಹತ್ತಿ ಕಂಚು ಗೆದ್ದರು. ಆ ಪಂದ್ಯದಲ್ಲಿ ಚಿನ್ನ ಗೆದ್ದ ಫ್ರಾನ್ಸಿನ ಆನ್ ಕೆರೋಲಿನ್ ಶೋಸೋನ್ ಕೂಡ ಮೌಂಟನ್ ಬೈಕಿನಲ್ಲಿ ಬೆಟ್ಟ ಇಳಿಯುವ ಡೌನ್‌ಹಿಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರೇ. ಸ್ಪ್ರಿಂಗ್‌ಡೇಲ್ ಪಂದ್ಯದ ಮರುವರ್ಷ, ಅಂದರೆ 2019ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ನಡೆದ ಪಂಪ್ ಟ್ರ್ಯಾಕ್ ಫೈನಲ್ಲಿನಲ್ಲಿ ಗೆದ್ದ ಟಾಮಿ ಝೂಲಾ ಮತ್ತು ಪೇಟನ್ ರೈಡನೂರ್ ಇಬ್ಬರೂ ಬಿಎಂಎಕ್ಸ್ ಓಟದಿಂದ ಬಂದವರು. ಹೀಗೆ ಎರಡು ಬೇರೆ ಬೇರೆ ಸೈಕಲ್ ಮನೆತನಗಳು ಒಂದೇ ಗೆರೆಯ ಮೇಲೆ ಬಂದು ನಿಂತಾಗ, ಹೊಸದಾಗಿ ಕಲಿಯುವವರಿಗೆ ಸಹಜವಾಗಿಯೇ ಗೊಂದಲವಾಗುತ್ತದೆ. ಈ ಆಟಕ್ಕೆ ಯಾವ ಸೈಕಲ್ ಕೊಳ್ಳಬೇಕು? ಮನೆಯಲ್ಲಿ ಇರುವುದನ್ನೇ ತಿದ್ದಿಕೊಂಡರೆ ಸಾಲದೇ?

ಬಹಳ ಮಂದಿಗೆ ಸಾಲುತ್ತದೆ. ಆದರೆ ಏನನ್ನು, ಏಕೆ ತಿದ್ದಬೇಕು ಎಂದು ತಿಳಿಯಬೇಕಾದರೆ ಮೊದಲು ಟ್ರ್ಯಾಕಿನ ಗುಟ್ಟು ತಿಳಿಯಬೇಕು.

ಪಂಪ್ ಟ್ರ್ಯಾಕ್ ಎಂದರೆ ಸಾಲು ಉಬ್ಬುಗಳು ಮತ್ತು ಹೊರ ಅಂಚು ಎತ್ತರಿಸಿದ ತಿರುವುಗಳು ಸೇರಿ ಆದ, ಕೊನೆಮೊದಲಿಲ್ಲದ ಸುತ್ತುದಾರಿ. ಆ ಎತ್ತರದ ತಿರುವಿಗೆ ಸವಾರರು ಬರ್ಮ್ ಎನ್ನುತ್ತಾರೆ. 2004ರ ಸುಮಾರಿಗೆ ಅಮೆರಿಕದ ಕೊಲರಾಡೊದ ಬೌಲ್ಡರ್ ಊರಿನಲ್ಲಿ ಗುದ್ದಲಿ ಸಲಿಕೆ ಹಿಡಿದು ಮಣ್ಣಿನಲ್ಲಿ ಇಂಥ ದಾರಿ ಮಾಡಿದವರು ಇದ್ದರು. ಆ ಪ್ರದೇಶದ ಲೀ ಮೆಕಾರ್ಮ್ಯಾಕ್ ಮಣ್ಣಿನ ಟ್ರ್ಯಾಕ್ ಕಟ್ಟುವ ಬಗೆಯನ್ನು ಪುಸ್ತಕವಾಗಿಯೇ ಬರೆದರು. ಮುಂದೆ ಸ್ವಿಟ್ಜರ್ಲೆಂಡಿನ ಮಾಜಿ ಡೌನ್‌ಹಿಲ್ ಸ್ಪರ್ಧಿ ಕ್ಲಾಡಿಯೊ ಕಲುವೊರಿ ಸ್ಥಾಪಿಸಿದ ವೆಲೊಸೊಲ್ಯೂಷನ್ಸ್ ಸಂಸ್ಥೆ ಅದೇ ಆಕಾರಕ್ಕೆ ಡಾಂಬರು ಹೊದಿಸಿ ದೇಶದೇಶಗಳಲ್ಲಿ ಕಟ್ಟಿತು. ಡಾಂಬರು ಬಂದ ಮೇಲೆ ಮಳೆಗೆ ಕೊಚ್ಚಿಹೋಗುವ ಭಯ ತಪ್ಪಿತು, ಸ್ಕೇಟ್‌ಬೋರ್ಡಿನವರೂ ಸ್ಕೂಟರಿನ ಮಕ್ಕಳೂ ಒಳಗೆ ಬಂದರು.

ವೇಗ ಎಲ್ಲಿಂದ ಬರುತ್ತದೆ? ನಾಗರಪಂಚಮಿಯಲ್ಲಿ ಜೋಕಾಲಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಲಗೆಯ ಮೇಲೆ ನಿಂತು ಜೀಕುವವರು ತುದಿಯಲ್ಲಿ ಮೊಣಕಾಲು ಮಡಿಸುತ್ತಾರೆ, ಕೆಳಗೆ ಬಂದು ಹಾಯುವಾಗ ಮೈ ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಾರೆ. ಕೆಳಗೆ ಹಾಯುವ ಆ ಗಳಿಗೆಯಲ್ಲಿ ಮೈಭಾರ ಹೆಚ್ಚಾದಂತೆ ಅನ್ನಿಸುತ್ತದೆ. ಆ ಭಾರದ ಎದುರು ಎದ್ದು ನಿಲ್ಲಲು ಕಾಲು ಹಾಕುವ ಶ್ರಮವೇ ಜೋಕಾಲಿಯ ವೇಗವಾಗುತ್ತದೆ. ಪಂಪ್ ಟ್ರ್ಯಾಕಿನಲ್ಲೂ ನಡೆಯುವುದು ಇಷ್ಟೇ. ಉಬ್ಬಿನ ನೆತ್ತಿಯಲ್ಲಿ ಸವಾರ ಕುಗ್ಗುತ್ತಾನೆ, ಇಳಿದು ತಗ್ಗಿಗೆ ಬರುವಾಗ ಕೈಕಾಲು ಚಾಚಿ ಸೈಕಲನ್ನು ನೆಲಕ್ಕೆ ಒತ್ತುತ್ತಾನೆ. ಮತ್ತೆ ಏರುವಾಗ ಮೈ ಹಗುರ ಮಾಡಿ ಸೈಕಲ್ ತನ್ನ ಕೆಳಗೆ ಮೇಲೇಳಲು ಬಿಡುತ್ತಾನೆ.

ಅಂದಮೇಲೆ ಈ ಸೈಕಲ್ಲಿಗೆ ಒಂದೇ ಪರೀಕ್ಷೆ. ಸವಾರ ಒತ್ತಿದ ಒತ್ತು ನೆಲಕ್ಕೆ ಮುಟ್ಟುತ್ತದೆಯೋ, ಇಲ್ಲ ಸೈಕಲ್ಲೇ ನಡುವೆ ನುಂಗಿಬಿಡುತ್ತದೆಯೋ? ಮೆತ್ತನೆಯ ಶಾಕ್ ನುಂಗುತ್ತದೆ. ಗಾಳಿ ಕಡಿಮೆಯಾದ ಟೈರು ನುಂಗುತ್ತದೆ. ಎತ್ತರದ ಸೀಟು ಒತ್ತಲು ಜಾಗವನ್ನೇ ಕೊಡುವುದಿಲ್ಲ. ಅಂಗಡಿಯಲ್ಲಿ ನಿಂತು ನೋಡುವಾಗಲೂ, ಮನೆಯಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂತಾಗಲೂ ಪ್ರತಿ ಭಾಗಕ್ಕೂ ಈ ಪ್ರಶ್ನೆ ಕೇಳಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಮೊದಲು ಅಂಗಡಿಯ ಮಾತು. ಪಂಪ್ ಟ್ರ್ಯಾಕಿಗೆ ಹೇಳಿ ಮಾಡಿಸಿದಂಥ ಸೈಕಲ್ ಎಂದರೆ ಡರ್ಟ್ ಜಂಪ್ ಸೈಕಲ್. ಹಿಂದೆ ಶಾಕ್ ಇಲ್ಲ, ಮುಂದೆ ಸುಮಾರು 100 ಮಿಲಿಮೀಟರ್ ಆಡುವ ಗಟ್ಟಿ ಫೋರ್ಕ್ ಇದೆ. ಒಂದೇ ಗೇರು. ಸಾಮಾನ್ಯವಾಗಿ ಹಿಂದಿನ ಬ್ರೇಕ್ ಮಾತ್ರ. ಸೀಟು ಚಕ್ರದ ಎತ್ತರಕ್ಕೆ ಇಳಿದು ಕೂತಿರುತ್ತದೆ. ಟ್ರೆಕ್ ಕಂಪನಿಯ ಟಿಕೆಟ್, ಸ್ಪೆಷಲೈಜ್ಡ್‌ನ ಪಿ.3, ಕಮೆನ್ಸಲ್‌ನ ಅಬ್ಸಲ್ಯೂಟ್ ಈ ಜಾತಿಯವು. ಮೌಂಟನ್ ಬೈಕ್ ಲೋಕವೆಲ್ಲ 2010ರ ದಶಕದಲ್ಲಿ 26 ಇಂಚಿನ ಚಕ್ರ ಬಿಟ್ಟು 27.5 ಮತ್ತು 29 ಇಂಚಿಗೆ ಹೋದರೂ ಡರ್ಟ್ ಜಂಪ್ ಸೈಕಲ್ 26ನ್ನು ಬಿಡಲಿಲ್ಲ. ಚಿಕ್ಕ ಚಕ್ರ ಗಟ್ಟಿ, ಹಗುರ, ಬೇಗ ವೇಗಕ್ಕೆ ಬರುತ್ತದೆ. ಹಿಂದಿನ ಚಕ್ರವನ್ನು ಸವಾರನ ಕಾಲಿನ ಹತ್ತಿರಕ್ಕೆ ಎಳೆದು ಕೂರಿಸಲೂ ಆಗುತ್ತದೆ. ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರ ಇವುಗಳಲ್ಲಿ 390 ಮಿಲಿಮೀಟರಿನ ಆಸುಪಾಸು. 29 ಇಂಚಿನ ಕಾಡುದಾರಿಯ ಸೈಕಲ್ಲಿನಲ್ಲಿ ಅದು 430 ದಾಟುವುದೇ ಹೆಚ್ಚು. ಈ ನಾಲ್ಕು ಸೆಂಟಿಮೀಟರ್ ಕಡಿಮೆಯಾದಾಗ ಮುಂಚಕ್ರ ಸುಲಭವಾಗಿ ಮೇಲೇಳುತ್ತದೆ.

ಎರಡನೆಯದು ಬಿಎಂಎಕ್ಸ್. 1970ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟಾರ್ ಸೈಕಲ್ ರೇಸಿನವರನ್ನು ಅನುಕರಿಸಿ ಶ್ವಿನ್ ಕಂಪನಿಯ ಸ್ಟಿಂಗ್ ರೇ ಮುಂತಾದ ಸಣ್ಣ ಸೈಕಲ್ಲುಗಳನ್ನು ಮಣ್ಣಿನಲ್ಲಿ ಓಡಿಸಿದ್ದರಿಂದ ಬೆಳೆದ ಸೈಕಲ್ ಇದು. 20 ಇಂಚಿನ ಚಕ್ರ, ಶಾಕ್ ಇಲ್ಲವೇ ಇಲ್ಲ. ಒತ್ತಿದ್ದೆಲ್ಲ ನೇರ ನೆಲಕ್ಕೆ. ನಯವಾದ ಡಾಂಬರಿನ ಮೇಲೆ ಇದಕ್ಕೆ ಸಾಟಿಯಿಲ್ಲ ಎನ್ನುವವರು ಬಹಳ. ಆದರೆ ಮಣ್ಣಿನ ಟ್ರ್ಯಾಕಿನ ಸಣ್ಣ ಗುಂಡಿ, ಬೆಣಚುಕಲ್ಲು ಎಲ್ಲವೂ ಅಂಗೈಗೆ ಗೊತ್ತಾಗುತ್ತವೆ. ಆರಡಿ ಎತ್ತರದ ಆಳಿಗೆ ಅದರ ಮೇಲೆ ಬಾಗಿ ಬಾಗಿ ಸೊಂಟ ನೋಯುವುದೂ ಉಂಟು. ಅಂಥವರಿಗಾಗಿ 24 ಇಂಚಿನ ಚಕ್ರದ ಬಿಎಂಎಕ್ಸ್ ಇದೆ. ಅದಕ್ಕೆ ಕ್ರೂಸರ್ ಎಂದು ಹೆಸರು.

ಮೂರನೆಯದೇ ಹೆಚ್ಚು ಜನರ ಮನೆಯಲ್ಲಿರುವುದು. ಮುಂದೆ ಮಾತ್ರ ಶಾಕ್ ಇರುವ, 26, 27.5 ಅಥವಾ 29 ಇಂಚಿನ ಗೇರ್ ಸೈಕಲ್. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೈಕಲ್ ಅಂಗಡಿಗಳಲ್ಲಿ ಮೌಂಟನ್ ಬೈಕ್ ಎಂದು ಕೇಳಿದರೆ ಮೊದಲು ಮುಂದಿಡುವುದು ಇದನ್ನೇ. ಹಿಂದೆಯೂ ಮುಂದೆಯೂ ಶಾಕ್ ಇರುವ ಅಗ್ಗದ ‘ಡಬಲ್ ಶಾಕ್’ ಸೈಕಲ್ ಮಾತ್ರ ಈ ಆಟಕ್ಕೆ ಬೇಡ. ಸವಾರ ಒತ್ತಿದಷ್ಟೂ ಅದು ಕುಸಿಯುತ್ತದೆ, ಮುಂದಿನ ಉಬ್ಬು ಬರುವ ಹೊತ್ತಿಗೆ ತನಗೆ ತೋಚಿದಂತೆ ಮೇಲೇಳುತ್ತದೆ. ಹಾಲಿನ ಕ್ಯಾನು ಹೊರುವ 28 ಇಂಚಿನ ಕಪ್ಪು ಸೈಕಲ್ಲನ್ನೂ ಅದರ ಕೆಲಸಕ್ಕೇ ಬಿಡುವುದು ಒಳ್ಳೆಯದು.

ಚಕ್ರದಿಂದ ಚಕ್ರಕ್ಕೆ ಇರುವ ದೂರವೂ ಲೆಕ್ಕಕ್ಕೆ ಬರುತ್ತದೆ. ಟ್ರ್ಯಾಕ್ ಕಟ್ಟುವವರು ಉಬ್ಬಿನ ಎತ್ತರದ ಸುಮಾರು ಹತ್ತರಷ್ಟು ದೂರಕ್ಕೆ ಮುಂದಿನ ಉಬ್ಬು ಬರುವಂತೆ ನೋಡಿಕೊಳ್ಳುವುದು ರೂಢಿ. ಒಂದಡಿ ಎತ್ತರದ ಉಬ್ಬಾದರೆ ನೆತ್ತಿಯಿಂದ ನೆತ್ತಿಗೆ ಹತ್ತಡಿ, ಅಂದರೆ ಮೂರು ಮೀಟರ್. ನೆತ್ತಿಯಿಂದ ತಗ್ಗಿಗೆ ಅದರ ಅರ್ಧ, ಒಂದೂವರೆ ಮೀಟರ್. 29 ಇಂಚಿನ ಕಾಡುದಾರಿಯ ಸೈಕಲ್ಲಿನ ಎರಡು ಅಚ್ಚುಗಳ ನಡುವೆ 120 ಸೆಂಟಿಮೀಟರ್ ಸುಮಾರು ದೂರವಿರುತ್ತದೆ. ಅಲ್ಲಿಗೆ ಮುಂಚಕ್ರ ತಗ್ಗಿನ ತಳದಲ್ಲಿರುವಾಗ ಹಿಂಚಕ್ರ ಇನ್ನೂ ನೆತ್ತಿಯ ಹತ್ತಿರವೇ ಇದೆ. ಕೈ ಒತ್ತಬೇಕು, ಕಾಲು ಹಗುರವಾಗಬೇಕು, ಎರಡೂ ಒಟ್ಟಿಗೆ. ಬಿಎಂಎಕ್ಸ್‌ನಲ್ಲಿ ಈ ದೂರ 95 ಸೆಂಟಿಮೀಟರ್ ಆಸುಪಾಸು, ಡರ್ಟ್ ಜಂಪ್ ಸೈಕಲ್ಲಿನಲ್ಲಿ 105ರ ಆಸುಪಾಸು. ಆದ್ದರಿಂದ ಉದ್ದನೆಯ ಸೈಕಲ್ ಇದ್ದವರಿಗೆ ದೊಡ್ಡ, ದೂರದೂರದ ಉಬ್ಬುಗಳ ಟ್ರ್ಯಾಕ್ ಒಗ್ಗುತ್ತದೆ. ಮಕ್ಕಳಿಗೆಂದು ಕಟ್ಟಿದ ಇಕ್ಕಟ್ಟಾದ ಟ್ರ್ಯಾಕಿನಲ್ಲಿ ಅವರು ತಡವರಿಸಿದರೆ ತಪ್ಪೆಲ್ಲ ಅವರದ್ದೇ ಅಲ್ಲ.

ಇನ್ನು ಇರುವ ಸೈಕಲ್ಲನ್ನು ತಿದ್ದುವ ಕೆಲಸ. ಇದರಲ್ಲಿ ಸೇರಿಸುವುದಕ್ಕಿಂತ ಕಳಚುವುದೇ ಹೆಚ್ಚು. ಸ್ಟ್ಯಾಂಡು, ಕ್ಯಾರಿಯರ್, ಬುಟ್ಟಿ, ಮಡ್‌ಗಾರ್ಡ್, ನೀರಿನ ಬಾಟಲಿಯ ಗೂಡು ಎಲ್ಲ ಬಿಚ್ಚಿಡಬೇಕು. ತೂಕ ಇಳಿಯುತ್ತದೆಂಬುದು ಒಂದು ಕಾರಣ. ಉಬ್ಬಿನ ಮೇಲೆ ಹಾರಿ ಬಿದ್ದಾಗ ಸ್ಟ್ಯಾಂಡು ತಾನಾಗಿ ಕೆಳಗಿಳಿದು ತಿರುವಿನಲ್ಲಿ ನೆಲಕ್ಕೆ ಕಚ್ಚಬಹುದೆಂಬುದು ಅದಕ್ಕಿಂತ ದೊಡ್ಡ ಕಾರಣ.

ಮುಂದಿನದು ಸೀಟು. ಕಾಸು ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ. ಸೀಟಿನ ಕಂಬವನ್ನು ಸಾಧ್ಯವಾದಷ್ಟು ಕೆಳಗಿಳಿಸಿ, ಮೂತಿಯನ್ನು ತುಸು ಮೇಲಕ್ಕೆ ಎತ್ತಬೇಕು. ಸವಾರ ಕುಗ್ಗಿದಾಗ ಸೊಂಟ ಹಿಂದಕ್ಕೂ ಕೆಳಕ್ಕೂ ಹೋಗಲು ಆಗ ಜಾಗ ಸಿಗುತ್ತದೆ. ಕೆಲವು ಚೌಕಟ್ಟುಗಳಲ್ಲಿ ಕಂಬ ಅರ್ಧಕ್ಕೇ ನಿಂತುಬಿಡುತ್ತದೆ. ಒಳಗೆ ಬಾಟಲಿ ಗೂಡಿನ ಬೋಲ್ಟು ಅಡ್ಡ ಬಂದಿರುತ್ತದೆ ಅಥವಾ ಕೊಳವೆಯೇ ಬಾಗಿರುತ್ತದೆ. ಆಗ ಕೆಲವರು ಕಂಬದ ಕೆಳತುದಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಗಿಡ್ಡ ಮಾಡುತ್ತಾರೆ. ಕೊಯ್ದ ಮೇಲೆ ಕಂಬದ ಮೇಲೆ ಕೊರೆದಿರುವ ‘ಇಷ್ಟು ಒಳಗಿರಲೇಬೇಕು’ ಎಂಬ ಗೆರೆಗೆ ಬೆಲೆ ಉಳಿಯುವುದಿಲ್ಲ. ಆ ಕಂಬವನ್ನು ಮತ್ತೆ ಮೇಲೆತ್ತಿ ರಸ್ತೆಯಲ್ಲಿ ಓಡಿಸಿದರೆ ಚೌಕಟ್ಟು ಸೀಳಬಹುದು. ಅದೇ ಸುತ್ತಳತೆಯ ಇನ್ನೊಂದು ಕಂಬ ಕೊಂಡು, ಟ್ರ್ಯಾಕಿಗೊಂದು ರಸ್ತೆಗೊಂದು ಇಟ್ಟುಕೊಳ್ಳುವುದು ಜಾಣತನ.

ಫೋರ್ಕಿನ ಸರದಿ ಈಗ. ಗಾಳಿ ತುಂಬುವ ಫೋರ್ಕಾದರೆ ಕೆಲಸ ಸುಲಭ. ಅದರ ಹೊಳೆಯುವ ಕಾಲಿಗೆ ಒಂದು ರಬ್ಬರ್ ಉಂಗುರವಿರುತ್ತದೆ, ಇಲ್ಲದಿದ್ದರೆ ಸಣ್ಣ ದಾರ ಸುತ್ತಿದರೂ ನಡೆಯುತ್ತದೆ. ಉಂಗುರವನ್ನು ಕೆಳಗಿನ ಸೀಲಿಗೆ ತಾಗಿಸಿ, ಗೋಡೆಗೆ ಒರಗಿ ಪೆಡಲಿನ ಮೇಲೆ ಸವಾರಿಯ ಭಂಗಿಯಲ್ಲಿ ನಿಂತು, ಜಗ್ಗದೆ ಮೆಲ್ಲಗೆ ಇಳಿಯಬೇಕು. ಉಂಗುರ ಎಷ್ಟು ಮೇಲೆ ಸರಿದಿದೆಯೋ ಅಷ್ಟು ಫೋರ್ಕ್ ಮೈಭಾರಕ್ಕೆ ಕುಸಿದಿದೆ. 100 ಮಿಲಿಮೀಟರಿನ ಫೋರ್ಕಿನಲ್ಲಿ ಕಾಡುದಾರಿಗೆ 20 ರಿಂದ 25 ಮಿಲಿಮೀಟರ್ ಕುಸಿತ ಇಟ್ಟುಕೊಳ್ಳುವವರು ಪಂಪ್ ಟ್ರ್ಯಾಕಿಗೆ 10 ರಿಂದ 15ಕ್ಕೆ ತರುತ್ತಾರೆ. ಶಾಕಿನ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಹೊಡೆದು ಮತ್ತೆ ಮತ್ತೆ ಅಳೆಯಬೇಕು. ಕೆಳಗಿನ ತಿರುಪು ಫೋರ್ಕ್ ಮೇಲೇಳುವ ವೇಗದ್ದು. ತೀರ ಚುರುಕಾದರೆ ನೆತ್ತಿಯಲ್ಲಿ ಹ್ಯಾಂಡಲ್ ಒದೆಯುತ್ತದೆ, ತೀರ ನಿಧಾನವಾದರೆ ಮುಂದಿನ ಉಬ್ಬು ಬಂದರೂ ಎದ್ದಿರುವುದಿಲ್ಲ.

ಅಗ್ಗದ ಸೈಕಲ್ಲುಗಳ ಫೋರ್ಕಿನಲ್ಲಿ ಗಾಳಿಯಿಲ್ಲ, ಸ್ಪ್ರಿಂಗ್ ಇರುತ್ತದೆ. ಬಲಗಡೆಯ ತಲೆಯ ಮೇಲೆ ಲಾಕ್ ತಿರುಪು ಇದ್ದರೆ ಅದನ್ನು ಮುಚ್ಚಿ ಫೋರ್ಕನ್ನು ಗಟ್ಟಿ ಮಾಡಿಕೊಂಡರೆ ಸಾಕು. ಶಾಕ್ ಇಲ್ಲದ ನೇರ ಫೋರ್ಕ್ ಹಾಕಿಸಿಬಿಡೋಣ ಎಂದು ಹೊರಡುವವರು ಒಂದು ಅಳತೆ ಮರೆಯಬಾರದು. ಚಕ್ರದ ಅಚ್ಚಿನಿಂದ ಫೋರ್ಕಿನ ಹೆಗಲಿಗೆ ಇರುವ ಉದ್ದ 20 ಮಿಲಿಮೀಟರ್ ಕಡಿಮೆಯಾದರೆ ಸೈಕಲ್ಲಿನ ತಲೆ ಹೆಚ್ಚುಕಡಿಮೆ ಒಂದು ಡಿಗ್ರಿ ನೆಟ್ಟಗಾಗುತ್ತದೆ. 60 ಮಿಲಿಮೀಟರ್ ಗಿಡ್ಡವಾದದ್ದನ್ನು ಹಾಕಿದರೆ ಮೂರು ಡಿಗ್ರಿ. ಆಗ ಹ್ಯಾಂಡಲ್ ಸುಮ್ಮನೆ ಮುಟ್ಟಿದರೂ ತಿರುಗುವಂತಾಗಿ, ವೇಗದಲ್ಲಿ ಸವಾರನ ಧೈರ್ಯವೇ ಕೆಡುತ್ತದೆ. ಹಳೆಯ ಶಾಕ್ ಫೋರ್ಕಿನಷ್ಟೇ ಉದ್ದಕ್ಕೆ ಮಾಡಿದ ನೇರ ಫೋರ್ಕ್‌ಗಳು ಸಿಗುತ್ತವೆ, ಕೇಳಿ ತರಬೇಕು.

ಚೈನು ಗದ್ದಲದ ವಿಷಯ. ಗೇರ್ ಸೈಕಲ್ಲಿನಲ್ಲಿ ಉಬ್ಬು ಹತ್ತಿಳಿದಾಗಲೆಲ್ಲ ಚೈನು ಕುಣಿದು ಚೌಕಟ್ಟಿಗೆ ಪಟಪಟ ಬಡಿಯುತ್ತದೆ, ಒಮ್ಮೊಮ್ಮೆ ಹಲ್ಲಿನಿಂದ ಜಾರಿ ಬೀಳುತ್ತದೆ. ಒಂದೇ ಗೇರಿಗೆ ಇಳಿಸಿದರೆ ಈ ಕಾಟವಿಲ್ಲ. ತುಸು ಒಳ್ಳೆಯ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರಗಳ ಗೊಂಚಲು ಒಂದು ಬೀಗದ ಉಂಗುರದಿಂದ ನಿಂತಿರುತ್ತದೆ. ಮೆಕ್ಯಾನಿಕ್ ಚೈನಿನ ತುಂಡು ಕಟ್ಟಿದ ಹಿಡಿಯಿಂದ ಗೊಂಚಲನ್ನು ತಿರುಗದಂತೆ ಹಿಡಿದು, ಉಂಗುರವನ್ನು ಬಿಚ್ಚಿ, ಗೊಂಚಲು ಹೊರಗೆಳೆಯುತ್ತಾನೆ. ಆ ಜಾಗಕ್ಕೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆಗಳು, ನಡುವೆ ಒಂದೇ ಹಲ್ಲುಚಕ್ರ, ಮತ್ತೆ ಬಳೆಗಳು. ಬಳೆಗಳನ್ನು ಆಚೆಯಿಂದ ಈಚೆಗೆ ಬದಲಾಯಿಸುತ್ತ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಚೈನು ಒಂದೇ ನೇರಕ್ಕೆ ಬರುವಂತೆ ಹಿಂದಿನಿಂದ ಕಣ್ಣಿಟ್ಟು ನೋಡಬೇಕು. ಅಗ್ಗದ ಆರು, ಏಳು ಗೇರಿನ ಸೈಕಲ್ಲುಗಳಲ್ಲಿ ಇಡೀ ಗೊಂಚಲು ಹಬ್ಬಿಗೆ ತಿರುಪಿನಂತೆ ಸುತ್ತಿ ಕೂತಿರುತ್ತದೆ. ಅದನ್ನು ಬಿಚ್ಚಿ ಸಾಮಾನ್ಯ ಒಂಟಿ ಫ್ರೀವೀಲ್ ಹಾಕಬಹುದು, ಆದರೆ ಚೈನಿನ ನೇರ ತಪ್ಪದಂತೆ ಅಲ್ಲೂ ನೋಡಿಕೊಳ್ಳಬೇಕು.

ಡರ್ಟ್ ಜಂಪ್ ಚೌಕಟ್ಟಿನಲ್ಲಿ ಹಿಂದಿನ ಅಚ್ಚು ಕೂರುವ ಸೀಳು ಅಡ್ಡಡ್ಡ ಇರುವುದರಿಂದ ಚಕ್ರವನ್ನು ಹಿಂದೆಳೆದು ಚೈನು ಬಿಗಿ ಮಾಡಬಹುದು. ಗೇರ್ ಸೈಕಲ್ಲಿನಲ್ಲಿ ಆ ಸೀಳು ನೆಟ್ಟಗೆ ಕೆಳಮುಖವಾಗಿರುತ್ತದೆ, ಅಚ್ಚು ಸರಿಯುವುದಿಲ್ಲ. ಅದಕ್ಕೆ ಚೈನು ಒತ್ತಿ ಹಿಡಿಯುವ ಟೆನ್ಷನರ್ ಬೇಕು. ಹಲ್ಲಿನ ಲೆಕ್ಕ ಕೇಳುವವರಿಗೆ ಒಂದು ಅಂದಾಜು: ಮುಂದೆ 36, ಹಿಂದೆ 16 ಹಲ್ಲು ಇಟ್ಟರೆ 26 ಇಂಚಿನ ಸೈಕಲ್ ಒಂದು ತುಳಿತದ ಸುತ್ತಿಗೆ 4.6 ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಬಿಎಂಎಕ್ಸ್ ಓಟದವರು ಬಹುಕಾಲ ನೆಚ್ಚಿದ 44ಕ್ಕೆ 16ರ ಜೋಡಿ 20 ಇಂಚಿನ ಚಕ್ರದಲ್ಲಿ ಸುಮಾರು ನಾಲ್ಕೂಕಾಲು ಮೀಟರ್ ಕೊಡುತ್ತದೆ. ತುಳಿಯುವುದೇ ಕಡಿಮೆ ಇರುವ ಆಟದಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಗೇರು ಕಳಚಲು ಮನಸ್ಸಿಲ್ಲದವರು ಚೈನನ್ನು ಹಿಂದಿನ ಮಧ್ಯದ ಹಲ್ಲಿನಲ್ಲಿ ಬಿಟ್ಟು, ಚೌಕಟ್ಟಿನ ಹಿಂಗೊಳವೆಗೆ ಹಳೆಯ ಟ್ಯೂಬು ಸುತ್ತಿದರೂ ಸದ್ದು ಎಷ್ಟೋ ಅಡಗುತ್ತದೆ.

ಹ್ಯಾಂಡಲನ್ನು ಹಿಡಿದಿಡುವ ಗಿಡ್ಡ ಸ್ಟೆಮ್ಮು, 35 ರಿಂದ 50 ಮಿಲಿಮೀಟರಿನದು, ಸವಾರನ ಭಾರವನ್ನು ಎರಡು ಚಕ್ರಗಳ ನಡುವೆ ತರುತ್ತದೆ. ಹಳೆಯ ಸೈಕಲ್ಲುಗಳಲ್ಲಿ 90, 100 ಮಿಲಿಮೀಟರಿನ ಉದ್ದ ಸ್ಟೆಮ್ಮು ಇದ್ದರೆ ಮುಂಚಕ್ರ ನೆಲಕ್ಕೆ ಅಂಟಿಕೊಂಡಂತಿರುತ್ತದೆ. ಹ್ಯಾಂಡಲಿನ ಅಗಲ 720 ರಿಂದ 760ರ ನಡುವೆ ಇದ್ದರೆ ಬಹಳ ಮಂದಿಗೆ ಹೊಂದುತ್ತದೆ. ಅದರ ಎರಡೂ ತುದಿಗೆ ಬಿರಡೆ ಇದೆಯೇ ಎಂದು ನೋಡದೆ ಟ್ರ್ಯಾಕಿಗೆ ಇಳಿಯಲೇಬಾರದು. ಬಾಯಿ ತೆರೆದ ಕೊಳವೆಯ ತುದಿ, ಬಿದ್ದಾಗ ಹೊಟ್ಟೆಗೆ ಹೊಕ್ಕು ಒಳಗಾಯ ಮಾಡಿದ ಪ್ರಕರಣಗಳು ವೈದ್ಯರಿಗೆ ಹೊಸತಲ್ಲ, ಮಕ್ಕಳಲ್ಲಂತೂ ಇನ್ನೂ ಹೆಚ್ಚು. ಕೆಲವೇ ರೂಪಾಯಿಯ ಬಿರಡೆ ಅದನ್ನು ತಪ್ಪಿಸುತ್ತದೆ.

ಪೆಡಲ್ ಚಪ್ಪಟೆಯದಿರಲಿ. ಮೇಲೆ ಸಣ್ಣ ಮೊಳೆಗಳಿರುವ, ಗಟ್ಟಿ ನೈಲಾನಿನದಾದರೂ ಸರಿ. ಶೂ ಕಚ್ಚಿ ಹಿಡಿಯುವ ಪೆಡಲಿನಲ್ಲಿ ಕಾಲಿನಿಂದ ಸೈಕಲ್ಲನ್ನು ಮೇಲಕ್ಕೆ ಎಳೆದುಬಿಡಬಹುದು. ಕಲಿಯುವವರಿಗೆ ಆ ಅಭ್ಯಾಸ ಬಿದ್ದರೆ ಒತ್ತುವ, ಹಗುರವಾಗುವ ಹದ ಕೈಗೆ ಬರುವುದೇ ತಡ.

ಖರ್ಚು ಮಾಡುವುದಾದರೆ ಮೊದಲು ಟೈರಿಗೆ ಮಾಡಬೇಕು. ಕಾಡುದಾರಿಯ ದಪ್ಪ ಗುಬ್ಬಿಗಳ ಟೈರು ಡಾಂಬರಿನ ಮೇಲೆ ಗುಂಯ್ ಎನ್ನುತ್ತ ವೇಗ ತಿನ್ನುತ್ತದೆ, ತಿರುವಿನಲ್ಲಿ ಗುಬ್ಬಿಗಳು ಮಡಚಿ ಜಾರುತ್ತದೆ. ಮ್ಯಾಕ್ಸಿಸ್‌ನ ಡಿಟಿಎಚ್, ಶ್ವಾಲ್ಬೆಯ ಬಿಲ್ಲಿ ಬಾಂಕರ್ಸ್, ಕೆಂಡಾದ ಸ್ಮಾಲ್ ಬ್ಲಾಕ್ ಏಯ್ಟ್ ಮುಂತಾದವು ಒತ್ತೊತ್ತಾದ ಸಣ್ಣ ಗುಬ್ಬಿಯವು. ಕೊಳ್ಳುವ ಮುಂಚೆ ಹಳೆಯ ಟೈರಿನ ಪಕ್ಕೆ ಓದಬೇಕು. ಅಲ್ಲಿ 54-559 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಅಳತೆ. 559 ಎಂದರೆ 26 ಇಂಚು, 584 ಎಂದರೆ 27.5, 622 ಎಂದರೆ 29. ಬಿಎಂಎಕ್ಸ್‌ನ 20 ಇಂಚು ಸಾಮಾನ್ಯವಾಗಿ 406. ಪುಟ್ಟ ಸ್ಪರ್ಧಿಗಳಿಗೆಂದು ಬರುವ ತೆಳ್ಳನೆಯ ಟೈರು 451. ಎರಡಕ್ಕೂ ಬಾಯಿಮಾತಿನಲ್ಲಿ 20 ಇಂಚೆಂದೇ ಹೇಳಿದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

ಗಾಳಿ ಎಷ್ಟು? 65 ರಿಂದ 70 ಕೆಜಿ ತೂಗುವವರು 26 ಇಂಚಿನ ಎರಡು ಇಂಚು ಅಗಲದ ಟೈರಿಗೆ ಡಾಂಬರಿನ ಮೇಲೆ 45 ರಿಂದ 55 ಪಿಎಸ್ಐನಲ್ಲಿ ಆರಂಭಿಸಬಹುದು, ಮಣ್ಣಿನ ಮೇಲೆ ಹತ್ತು ಕಡಿಮೆ. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಮಿತಿಯನ್ನು ಮಾತ್ರ ಮೀರಬಾರದು. ಇಲ್ಲೊಂದು ನಮ್ಮೂರಿನ ತೊಡಕಿದೆ. ಸಾಮಾನ್ಯ ಸೈಕಲ್ಲಿನ ಟ್ಯೂಬುಗಳಲ್ಲಿರುವ, ರಬ್ಬರ್ ನಳಿಗೆಯ ಹಳೆಯ ಬಗೆಯ ವಾಲ್ವಿನಲ್ಲಿ ಒಳಗಿನ ಒತ್ತಡವನ್ನು ಗೇಜಿನಿಂದ ಸರಿಯಾಗಿ ಅಳೆಯಲಾಗದು. ಪಂಕ್ಚರ್ ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ‘ಸಾಕು’ ಎನ್ನುವ ಲೆಕ್ಕ ಪಂಪ್ ಟ್ರ್ಯಾಕಿಗೆ ಸಾಲದು. ಟ್ಯೂಬು ಬದಲಿಸುವಾಗ ಸ್ಕೂಟರಿಗೆ ಇರುವಂಥ ದಪ್ಪ ವಾಲ್ವಿನದನ್ನು, ರಿಮ್ಮಿನ ತೂತಿಗೆ ಹಿಡಿಸುವುದಾದರೆ, ಹಾಕಿಸಿಕೊಂಡು ಗೇಜಿರುವ ಕಾಲಿನ ಪಂಪಿನಿಂದ ಗಾಳಿ ಹೊಡೆಯಬೇಕು.

ಮಕ್ಕಳ ಸೈಕಲ್ಲಿನ ಬಗ್ಗೆ ತಂದೆತಾಯಿ ಹೆಚ್ಚು ಚಿಂತೆ ಮಾಡುತ್ತಾರೆ, ಅಲ್ಲಿ ಕೆಲಸ ಇನ್ನೂ ಸರಳ. ಪೆಡಲ್ಲೇ ಇಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಪುಟ್ಟ ಸೈಕಲ್ಲಿನಲ್ಲಿ ಮೂರು ನಾಲ್ಕು ವರ್ಷದ ಮಕ್ಕಳು ಡಾಂಬರಿನ ಟ್ರ್ಯಾಕ್ ಸುತ್ತುತ್ತಾರೆ. ಪಕ್ಕದ ಸಣ್ಣ ಚಕ್ರಗಳನ್ನು ಮಾತ್ರ ತೆಗೆಯಲೇಬೇಕು. ಎತ್ತರದ ತಿರುವಿನಲ್ಲಿ ಸೈಕಲ್ ವಾಲಬೇಕು, ಅವು ವಾಲಲು ಬಿಡುವುದಿಲ್ಲ. ತೂಕ ಇನ್ನೊಂದು ಮಾತು. ಇಪ್ಪತ್ತು ಕೆಜಿಯ ಮಗುವಿಗೆ ಹತ್ತು ಕೆಜಿಯ ಸೈಕಲ್ ಎಂದರೆ ಅದರ ಮೈಯ ಅರ್ಧ ತೂಕ. ದೊಡ್ಡವರ ಸೈಕಲ್ಲಿನಂತೆ ಕಾಣಲೆಂದು ಹಾಕಿದ ಶಾಕು, ಡಿಸ್ಕು, ಗೇರುಗಳೆಲ್ಲ ಆ ತೂಕಕ್ಕೇ ಸೇರುತ್ತವೆ. ಶಾಕ್ ಇಲ್ಲದ 20 ಇಂಚಿನ ಸೀದಾ ಸೈಕಲ್ ಸಿಕ್ಕರೆ, ಟೈರಿನ ಪಕ್ಕೆಯ ಮೇಲೆ 406 ಎಂದಿದ್ದರೆ, ಅದಕ್ಕೆ ಬಿಎಂಎಕ್ಸ್ ಟೈರನ್ನೇ ಹಾಕಿ ಗಟ್ಟಿ ಗಾಳಿ ಹೊಡೆದರೆ ಹತ್ತು ವರ್ಷದ ಹುಡುಗನೋ ಹುಡುಗಿಯೋ ಅದರಲ್ಲಿ ಬೇಕಾದಷ್ಟು ಕಲಿಯಬಹುದು.

ತಿದ್ದಿದ ಸೈಕಲ್ಲಿಗೆ ಎಲ್ಲೆಯೂ ಇದೆ. ಹಲವು ಕಂಪನಿಗಳು ಚೌಕಟ್ಟಿನ ಮೇಲೆ ಅಥವಾ ಕೈಪಿಡಿಯಲ್ಲಿ ಒಂದರಿಂದ ಐದರವರೆಗಿನ ಒಂದು ಅಂಕಿ ಹಾಕಿರುತ್ತವೆ. ಅದು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ವರ್ಗೀಕರಣ. ಮೂರನೆಯ ವರ್ಗದ ಸೈಕಲ್ಲಿಗೆ 61 ಸೆಂಟಿಮೀಟರಿನ, ಅಂದರೆ ಎರಡಡಿಯ ಒಳಗಿನ ಜಿಗಿತ. ನಾಲ್ಕನೆಯದಕ್ಕೆ ಅದರ ಎರಡರಷ್ಟು. ಮನೆಯ ಗೇರ್ ಸೈಕಲ್ಲಿನಲ್ಲಿ ಒಂದು, ಎರಡು ಎಂದಿದ್ದರೆ ಉಬ್ಬುಗಳ ಮೇಲೆ ಉರುಳಿಸಿಕೊಂಡು ಹೋಗುವುದಕ್ಕೆ ನಿಲ್ಲಬೇಕು. ಉಬ್ಬಿನಿಂದ ಉಬ್ಬಿಗೆ ಹಾರುವ ಆಸೆಯನ್ನು ಆ ಕೆಲಸಕ್ಕೆ ಮಾಡಿದ ಸೈಕಲ್ ಬರುವವರೆಗೆ ಕಟ್ಟಿಡಬೇಕು.

ಬ್ರೇಕಿನ ವಿಷಯಕ್ಕೆ ಸವಾರರಲ್ಲಿ ವಾದವಿದೆ. ತಿರುವಿನ ನಡುವೆ ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದರೆ ಮುಂಚಕ್ರ ಜಾರಿ ಬೀಳುವುದು ಖಂಡಿತ, ಆದ್ದರಿಂದ ಹಿಂದಿನದು ಸಾಕು ಎನ್ನುತ್ತಾರೆ ಡರ್ಟ್ ಜಂಪಿನವರು. ಟ್ರ್ಯಾಕಿಗೆ ಕಾರಿನಲ್ಲಿ ಸೈಕಲ್ ಒಯ್ಯುವವರಿಗೆ ಅದು ಸರಿ. ರಸ್ತೆಯಲ್ಲಿ ತುಳಿದುಕೊಂಡು ಬರುವವರು ಎರಡೂ ಬ್ರೇಕ್ ಉಳಿಸಿಕೊಳ್ಳಲೇಬೇಕು. ಟ್ರ್ಯಾಕಿಗೆ ಇಳಿದಾಗ ಮುಂದಿನ ಹಿಡಿಯ ಮೇಲೆ ಬೆರಳಿಡದಿರುವ ಅಭ್ಯಾಸ ಮಾಡಿಕೊಂಡರೆ ಸಾಕು. ಹೆಲ್ಮೆಟ್ಟು, ಕೈಗವಸು, ಮೊಣಕಾಲಿನ ಪ್ಯಾಡು ಇಲ್ಲದೆ ಡಾಂಬರಿಗೆ ಇಳಿದವರಿಗೆ ಅದು ಚರ್ಮದಲ್ಲೇ ಲೆಕ್ಕ ಚುಕ್ತಾ ಮಾಡುತ್ತದೆ.

ಎಲ್ಲ ತಿದ್ದಿ ಮುಗಿಸಿದ ಮೇಲೆ ಪರೀಕ್ಷೆ ಟ್ರ್ಯಾಕಿನಲ್ಲೇ. ಒಂದೇ ಜಾಗದಿಂದ, ಒಂದೇ ವೇಗದಲ್ಲಿ ಹೊರಟು, ಪೆಡಲ್ ತುಳಿಯದೆ ಎಷ್ಟು ಉಬ್ಬು ದಾಟಿತೆಂದು ಎಣಿಸಬೇಕು. ಆಮೇಲೆ ಟೈರಿನ ಗಾಳಿ ಐದು ಪಿಎಸ್ಐ ಬದಲಿಸಿ ಮತ್ತೆ ಎಣಿಸಬೇಕು. ಗಾಳಿಯನ್ನೂ ಫೋರ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಎರಡು ಸುತ್ತಿನ ನಂತರ ಫೋರ್ಕಿನ ಉಂಗುರ ಪ್ರತಿಸಲವೂ ತುದಿಗೆ ಹೋಗಿ ನಿಂತಿದ್ದರೆ ಇನ್ನೂ ಗಾಳಿ ಬೇಕು. ತಿರುವಿನಲ್ಲಿ ಹಿಂಚಕ್ರ ಸರಸರ ಜಾರಿದರೆ ಟೈರಿನ ಗಾಳಿ ಮೂರು ನಾಲ್ಕು ಪಿಎಸ್ಐ ಇಳಿಸಬೇಕು. ಕುಗ್ಗಿದಾಗ ತೊಡೆಗೆ ಸೀಟು ತಾಗುತ್ತಿದ್ದರೆ ಸೀಟು ಇನ್ನೂ ಕೆಳಗಿಳಿಯಬೇಕು. ಮೊದಲ ದಿನದ ಆಟ ಮುಗಿದ ಕೂಡಲೇ ಸ್ಟೆಮ್ಮಿನ ಬೋಲ್ಟು, ಅಚ್ಚಿನ ನಟ್ಟು, ಪೆಡಲ್ ಮೂರನ್ನೂ ಮತ್ತೊಮ್ಮೆ ಬಿಗಿ ನೋಡಿ, ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ಸಡಿಲವಾದದ್ದಿದ್ದರೆ ಮರುದಿನದ ಸವಾರಿಗೆ ಮುಂಚೆ ಅಂಗಡಿಗೆ ಒಯ್ಯಬೇಕು. ಹೊಸದಾಗಿ ಬಿಗಿದ ಭಾಗಗಳು ಮೊದಲ ಸವಾರಿಯಲ್ಲೇ ಸಡಿಲಾಗುವುದು ಹೆಚ್ಚು.